ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು: ದುಡ್ಡು ಕೊಡುವ ಮುಂಚೆ ಎಂಜಿನ್ ಹೀಗೆ ನೋಡಿ

"ಟರ್ಬೊ ಕಾರು ನಮ್ಮ ಕಲಬುರಗಿ ಬಿಸಿಲಿಗೆ ತಡೀತದಾ?" ಈ ಪ್ರಶ್ನೆ ಬರದ ವಾರವಿಲ್ಲ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹೈದರಾಬಾದಿನಲ್ಲಿ ಒಂದು ಗಾಡಿ ಸಿಕ್ಕಿದೆ, ನಾಲ್ಕು ವರ್ಷ ಹಳೆಯದು, ರೇಟು ಚೆನ್ನಾಗಿದೆ, ತಗೊಳ್ಳಲಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ. ಬೀದರ್, ಯಾದಗಿರಿ ಕಡೆಯವರಿಗೂ ಇದೇ ಸಾಕು.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ತಡೆಯುತ್ತದೆ. ಪೆಟ್ರೋಲ್ ಎಂಜಿನ್ನಿನ ಟರ್ಬೊ ಒಳಗೆ ಹಾಯುವ ಹೊಗೆಯೇ ಜೋರಾಗಿ ಓಡಿಸುವಾಗ 900 ಡಿಗ್ರಿ ಮುಟ್ಟುತ್ತದೆ, ಅದರ ಮುಂದೆ ನಮ್ಮ ಮೇ ತಿಂಗಳ 43-44 ಡಿಗ್ರಿ ಯಾವ ಲೆಕ್ಕ? ಇಂಥ ಎಂಜಿನ್ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದೋ ಅದು ಹುಟ್ಟುವಾಗಲೇ ಡಿಸೈನಿನಲ್ಲಿ ಕೊರತೆ ಇರುತ್ತದೆ, ಇಲ್ಲವೇ ಹಿಂದಿನ ಮಾಲೀಕ ಆಯಿಲ್ ವಿಷಯದಲ್ಲಿ ಜಿಪುಣತನ ಮಾಡಿರುತ್ತಾನೆ. ಮೊದಲನೆಯದನ್ನು ನೀವು ಸರಿ ಮಾಡಲಾರಿರಿ, ಆದರೆ ಮುಂಚೆಯೇ ತಿಳಿದುಕೊಳ್ಳಬಹುದು. ಎರಡನೆಯದನ್ನು ಹಿಡಿಯಬಹುದು. ಹಾಗಾಗಿ ಕಂಪನಿ ಹೆಸರು, ಬಣ್ಣ, ಸನ್‌ರೂಫ್ ಎಲ್ಲ ಆಮೇಲೆ. ಎಂಜಿನ್ ಯಾವುದು, ಆಯಿಲ್ ಬಿಲ್ ಎಲ್ಲಿ, ಇವೆರಡು ಮೊದಲು.

ಟರ್ಬೊ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಚಕ್ರ ಇದ್ದು ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪಿಕಪ್ ಜಾಸ್ತಿ. ಒಂದು ಲೀಟರಿನ ಪುಟ್ಟ ಎಂಜಿನ್ ನೂರು ಹಾರ್ಸ್‌ಪವರ್ ದಾಟುವುದು ಹೀಗೆ. ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಜೋರಾಗಿ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರ ಮಾತ್ರ. ಎಂಜಿನ್ನಿನೊಳಗೆ ಇರುವ ಒಟ್ಟು ಆಯಿಲ್ ನಾಲ್ಕು ಲೀಟರ್ ಆಸುಪಾಸು. ಇಷ್ಟು ಗೊತ್ತಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಏನೇನು ಬೇಕು

ಒಂದು ಟಾರ್ಚ್. ಬಿಳಿ ಬಟ್ಟೆ ಅಥವಾ ಟಿಶ್ಯೂ ಪೇಪರ್. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಓಬಿಡಿ ಸ್ಕ್ಯಾನರ್. ಇದು ಕಾರಿನ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಫೋನಿನಲ್ಲಿ ತೋರಿಸುವ ಬೆಂಕಿಪೊಟ್ಟಣದಷ್ಟು ಸಾಮಾನು, ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅರ್ಧ ದಿನ ಬಿಡುವು. ಕೊನೆಗೆ, ನಿಮಗೆ ಪರಿಚಯವಿರುವ ಒಬ್ಬ ಮಿಸ್ತ್ರಿ. ಮಾರುವವನಿಗೆ ಪರಿಚಯವಿರುವ ಮಿಸ್ತ್ರಿ ಬೇಡ.

1. ಎಂಜಿನ್ ಯಾವುದು ಅಂತ ಪತ್ತೆ ಮಾಡಿ

ಇದು ಮನೆಯಲ್ಲಿ ಕೂತೇ ಆಗುವ ಕೆಲಸ, ಮತ್ತು ಎಲ್ಲರೂ ಬಿಟ್ಟುಬಿಡುವ ಕೆಲಸ. ಒಂದೇ ಹೆಸರಿನ ಕಾರಿನಲ್ಲಿ ಎರಡು ಮೂರು ಥರದ ಎಂಜಿನ್ ಇರುತ್ತವೆ, ಒಂದು ಗಟ್ಟಿ, ಇನ್ನೊಂದು ತಲೆನೋವು. ಮಾರುವವರಿಂದ ಆರ್‌ಸಿಯ ಫೋಟೊ ತರಿಸಿಕೊಳ್ಳಿ. ಅದರಲ್ಲಿ ಎಂಜಿನ್ ನಂಬರ್ ಇರುತ್ತದೆ. ಸಾಮಾನ್ಯವಾಗಿ ಅದರ ಮೊದಲ ಕೆಲವು ಅಕ್ಷರಗಳೇ ಎಂಜಿನ್ನಿನ ಕೋಡ್. ಆ ಕೋಡ್ ಹಾಕಿ ಹುಡುಕಿ, ಕಾರಿನ ಹೆಸರು ಹಾಕಿ ಅಲ್ಲ. ಮೂರು ವಿಷಯ ತಿಳಿದುಕೊಳ್ಳಿ.

ಮೊದಲನೆಯದು, ಟೈಮಿಂಗ್ ಚೈನಾ, ಬೆಲ್ಟಾ? ಪಿಸ್ಟನ್ ಮೇಲೆ ಕೆಳಗೆ ಆಡುವುದಕ್ಕೂ ವಾಲ್ವ್ ತೆರೆದು ಮುಚ್ಚುವುದಕ್ಕೂ ತಾಳ ಹೊಂದಿಸುವ ಸರಪಳಿ ಅಥವಾ ಪಟ್ಟಿ ಇದು. ತಪ್ಪಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಅಲ್ಲಿಗೆ ಎಂಜಿನ್ ಮುಗಿಯಿತು. "ಚೈನ್ ಅಂದರೆ ಜನ್ಮಪೂರ್ತಿ ನೋಡಂಗಿಲ್ಲ" ಅಂತ ಗ್ಯಾರೇಜಿನಲ್ಲಿ ಹೇಳುತ್ತಾರೆ, ನಂಬಬೇಡಿ. ಫೋಕ್ಸ್‌ವ್ಯಾಗನ್‌ನ ಹಳೆಯ 1.2 ಮತ್ತು 1.4 ಟಿಎಸ್‌ಐ ಎಂಜಿನ್‌ಗಳಲ್ಲಿ (ಇಎ111 ಅನ್ನುವ ಸಂಸಾರ) ಚೈನ್ ಜಗ್ಗಿ ಯುರೋಪಿನಲ್ಲಿ ದೊಡ್ಡ ರಗಳೆ ಆಯಿತು. ಆಮೇಲೆ ಬಂದ ಇಎ211ರಲ್ಲಿ ಕಂಪನಿ ಚೈನ್ ತೆಗೆದು ಬೆಲ್ಟಿಗೇ ಹೋಯಿತು. ಬಿಎಂಡಬ್ಲ್ಯೂನ ಎನ್20 ಎಂಜಿನ್ನಿನಲ್ಲಿ ಚೈನ್ ಜಾರುವ ಪ್ಲಾಸ್ಟಿಕ್ ಗೈಡ್ ಪುಡಿಯಾಗುತ್ತಿತ್ತು. ದುಬಾರಿ ಗಾಡಿ ಅನ್ನುವುದಕ್ಕೂ ಗಟ್ಟಿ ಎಂಜಿನ್ ಅನ್ನುವುದಕ್ಕೂ ಸಂಬಂಧವಿಲ್ಲ.

ಇವೆರಡರ ನಡುವೆ ಮೂರನೆಯದೊಂದಿದೆ, ವೆಟ್ ಬೆಲ್ಟ್. ಅಂದರೆ ಆಯಿಲ್‌ನಲ್ಲೇ ನೆನೆಯುತ್ತಾ ತಿರುಗುವ ರಬ್ಬರ್ ಬೆಲ್ಟ್. ಸದ್ದು ಕಡಿಮೆ, ಮೈಲೇಜ್ ಸ್ವಲ್ಪ ಜಾಸ್ತಿ ಅಂತ ಮಾಡಿದರು. ನನ್ನನ್ನು ಕೇಳಿದರೆ ಇತ್ತೀಚಿನ ವರ್ಷಗಳ ಕೆಟ್ಟ ಐಡಿಯಾಗಳಲ್ಲಿ ಇದೂ ಒಂದು. ತಪ್ಪು ಆಯಿಲ್ ಹಾಕಿದರೆ, ಇಲ್ಲವೇ ಬದಲಿಸುವುದು ತಡ ಮಾಡಿದರೆ ರಬ್ಬರ್ ಮೆತ್ತಗಾಗಿ ಚೂರುಚೂರು ಉದುರುತ್ತದೆ. ಆ ಚೂರು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ, ಆಯಿಲ್ ಪ್ರೆಷರ್ ಬೀಳುತ್ತದೆ, ಮೊದಲು ಟರ್ಬೊ ಹೋಗುತ್ತದೆ, ಹಿಂದೆಯೇ ಬೇರಿಂಗ್. ಯುರೋಪಿನಲ್ಲಿ ಪ್ಯೂಜೊ-ಸಿಟ್ರೊಯೆನ್‌ನ 1.2 ಪ್ಯೂರ್‌ಟೆಕ್ ಎಂಜಿನ್ನಿಗೆ ಕೆಟ್ಟ ಹೆಸರು ಬಂದಿದ್ದು ಇದರಿಂದಲೇ. ನಮ್ಮಲ್ಲಿ 2013ರಲ್ಲಿ ಬಂದ ಫೋರ್ಡ್ ಇಕೊಸ್ಪೋರ್ಟ್‌ನ 1.0 ಇಕೊಬೂಸ್ಟ್ ಎಂಜಿನ್ನಿನದೂ ವೆಟ್ ಬೆಲ್ಟೇ. ಇಂಥ ಬೆಲ್ಟಿನ ಆಯುಸ್ಸು ಹತ್ತು ವರ್ಷ ಅಂತ ಹಿಡಿಯುತ್ತಾರೆ, ಅಂದರೆ ಆ ಕಾಲದ ಗಾಡಿಗಳದ್ದು ಈಗಾಗಲೇ ದಾಟಿದೆ. ಬೆಲ್ಟ್ ಬದಲಿಸಿದ ಬಿಲ್ ತೋರಿಸದೆ ಇದ್ದರೆ ಮುಟ್ಟಬೇಡಿ. ಓಡಿಸಲು ಬಹಳ ಮಜಾ ಕೊಡುವ ಗಾಡಿ, ಅದಕ್ಕೇ ಎಷ್ಟೋ ಜನ ಬಿಲ್ ಕೇಳುವುದನ್ನು ಮರೆತುಬಿಡುತ್ತಾರೆ.

ಎರಡನೆಯದು, ಪೆಟ್ರೋಲ್ ಎಲ್ಲಿ ಚಿಮ್ಮುತ್ತದೆ? ಹಳೆಯ ಪದ್ಧತಿಯಲ್ಲಿ ವಾಲ್ವಿನ ಹಿಂದೆ ಚಿಮ್ಮುತ್ತದೆ. ಹೊಸದರಲ್ಲಿ ಸೀದಾ ಸಿಲಿಂಡರ್ ಒಳಗೆ, ಇದಕ್ಕೆ ಡೈರೆಕ್ಟ್ ಇಂಜೆಕ್ಷನ್ ಅನ್ನುತ್ತಾರೆ. ಸೀದಾ ಚಿಮ್ಮಿದರೆ ವಾಲ್ವಿನ ಬೆನ್ನು ತೊಳೆಯುವವರು ಯಾರೂ ಇಲ್ಲ, ಆಯಿಲ್ ಆವಿ ಅಲ್ಲೇ ಸುಟ್ಟು ಗಟ್ಟಿ ಮಸಿ ಕೂರುತ್ತದೆ. ಅರವತ್ತು ಎಪ್ಪತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುವುದು, ಪಿಕಪ್ ಕುಗ್ಗುವುದು ಇದರಿಂದ ಆಗಬಹುದು. ಹುಂಡೈನ 1.0 ಟಿ-ಜಿಡಿಐ, ಫೋಕ್ಸ್‌ವ್ಯಾಗನ್-ಸ್ಕೋಡಾದ ಟಿಎಸ್‌ಐ, ಮಾರುತಿಯ ಬೂಸ್ಟರ್‌ಜೆಟ್ ಇವೆಲ್ಲ ಡೈರೆಕ್ಟ್. ಟಾಟಾ ನೆಕ್ಸಾನ್‌ನ 1.2 ಟರ್ಬೊ, ನಿಸ್ಸಾನ್ ಮ್ಯಾಗ್ನೈಟ್‌ನ 1.0 ಟರ್ಬೊ ಹಳೆಯ ಪದ್ಧತಿಯವು. ಮಸಿ ಕೂತರೆ ಸಾಯುವ ರೋಗವೇನಲ್ಲ, ತೆಗೆಸಬಹುದು. ಆದರೆ ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಈ ಮಸಿಗೆ ತಾಗುವುದೇ ಇಲ್ಲ. ಪೆಟ್ರೋಲೇ ಹೋಗದ ಜಾಗಕ್ಕೆ ಬಾಟಲಿ ಔಷಧ ಹೇಗೆ ಹೋಗುತ್ತದೆ? ಸುಮ್ನೆ ದುಡ್ಡು ದಂಡ.

ಮೂರನೆಯದು, ರೀಕಾಲ್. ಅಂದರೆ ತಯಾರಿಕೆಯಲ್ಲಿ ದೋಷ ಇದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆದು ಪುಕ್ಕಟೆ ಸರಿ ಮಾಡಿಕೊಡುವುದು. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವಾದರೆ ಶೋರೂಮಿಗೆ ಫೋನ್ ಮಾಡಿ. "ಜಪಾನ್ ಗಾಡಿಗೆ ಏನೂ ಆಗಂಗಿಲ್ಲ" ಅನ್ನುವವರು ಇದನ್ನು ಓದಲಿ: 2024ರಲ್ಲಿ ಟೊಯೊಟಾ ಅಮೆರಿಕದಲ್ಲಿ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಗಾಡಿ ವಾಪಸ್ ಕರೆಯಿತು. ಅವುಗಳ ಟ್ವಿನ್ ಟರ್ಬೊ ವಿ6 ಎಂಜಿನ್ನಿನಲ್ಲಿ ಫ್ಯಾಕ್ಟರಿಯಲ್ಲಿ ಲೋಹ ಕೊರೆದಾಗಿನ ಚೂರು ಉಳಿದುಕೊಂಡು ಬೇರಿಂಗ್ ಕೆಡುತ್ತಿತ್ತು. ಹುಂಡೈನ ಥೀಟಾ 2 ಎಂಜಿನ್ನಿಗೂ 2015ರಲ್ಲಿ ಅಮೆರಿಕದಲ್ಲಿ ಇದೇ ಗತಿ. ಹೊಂಡಾದ 1.5 ಟರ್ಬೊ ಎಂಜಿನ್ನಿನಲ್ಲಿ ಚಳಿ ದೇಶಗಳಲ್ಲಿ ಪೆಟ್ರೋಲ್ ಹೋಗಿ ಆಯಿಲ್‌ಗೆ ಸೇರುತ್ತಿತ್ತು, 2018ರಲ್ಲಿ ಚೀನಾದಲ್ಲಿ ಇದು ದೊಡ್ಡ ಸುದ್ದಿ. ಈ ಗಾಡಿಗಳು ನಮ್ಮ ಬೀದಿಯಲ್ಲಿ ಓಡಾಡುವಂಥವಲ್ಲ, ಆದರೂ ಹೇಳಿದ್ದೇಕೆಂದರೆ, ಒಳ್ಳೆಯ ಕಂಪನಿಯೂ ಕೆಟ್ಟ ಎಂಜಿನ್ ಮಾಡುತ್ತದೆ.

2. ಬಿಲ್ ಕೇಳಿ, ಮಾತು ಬೇಡ

"ಸಿಂಗಲ್ ಓನರ್ ಗಾಡಿ ಅದರಿ, ಶೋರೂಮ್‌ನಾಗೇ ಸರ್ವಿಸ್, ಏನೂ ತಕಲೀಫ್ ಇಲ್ಲ." ಸರಿ, ಬಿಲ್ ತೋರಿಸಿ ಅನ್ನಿ. ಬಿಲ್ಲಿನಲ್ಲಿ ನೋಡಬೇಕಾದ್ದು ಕಿಲೋಮೀಟರ್ ಅಷ್ಟೇ ಅಲ್ಲ, ತಾರೀಕು. ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿದ ಗಾಡಿಗೆ "ಇನ್ನೂ ಹತ್ತು ಸಾವಿರ ಆಗಿಲ್ಲ" ಅಂತ ಎರಡು ವರ್ಷ ಒಂದೇ ಆಯಿಲ್ ಓಡಿಸಿರುತ್ತಾರೆ. ಇಂಥ ಕಡಿಮೆ ಓಡಿದ ಗಾಡಿಯೇ ಜಾಸ್ತಿ ಅಪಾಯ. ಮನೆಯಿಂದ ಆಫೀಸು, ಆಫೀಸಿನಿಂದ ಮನೆ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಆಗ ಸುಡದೆ ಉಳಿದ ಪೆಟ್ರೋಲು, ನೀರಿನ ಪಸೆ ಆಯಿಲ್‌ನಲ್ಲೇ ಉಳಿಯುತ್ತವೆ. ನಲವತ್ತು ಸಾವಿರ ಓಡಿದ ಊರೊಳಗಿನ ಗಾಡಿಗಿಂತ ಎಂಬತ್ತು ಸಾವಿರ ಓಡಿದ ಹೈವೇ ಗಾಡಿಯ ಎಂಜಿನ್ ಎಷ್ಟೋ ಸಲ ಚೆನ್ನಾಗಿರುತ್ತದೆ.

ಆಯಿಲ್ ಯಾವುದು ಹಾಕಿದ್ದಾರೆ ಅನ್ನುವುದೂ ಬಿಲ್ಲಿನಲ್ಲಿರುತ್ತದೆ. 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಅನ್ನುವುದು ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನುವ ಲೆಕ್ಕ. ಕಾರಿನ ಪುಸ್ತಕದಲ್ಲಿ ಏನಿದೆಯೋ ಅದೇ ಇರಬೇಕು. ಅದರ ಜೊತೆಗೆ ಎಪಿಐ ಎಸ್‌ಪಿ ಅನ್ನುವ ಗುರುತು ನೋಡಿ. 2020ರಲ್ಲಿ ಬಂದ ಈ ದರ್ಜೆಯನ್ನು ಟರ್ಬೊ ಪೆಟ್ರೋಲ್ ಎಂಜಿನ್ನಿನ ಎರಡು ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು: ಒಂದು ಚೈನ್ ಸವೆತ, ಇನ್ನೊಂದು ಲೋ ಸ್ಪೀಡ್ ಪ್ರೀ ಇಗ್ನಿಷನ್. ಎರಡನೆಯದರ ಹೆಸರು ಉದ್ದ, ವಿಷಯ ಸುಲಭ. ಎಂಜಿನ್ ನಿಧಾನ ತಿರುಗುತ್ತಿರುವಾಗ ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಪ್ಲಗ್ ಕಿಡಿ ಕೊಡುವ ಮೊದಲೇ ಒಳಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮೇಲೆ ಬರುತ್ತಿರುವ ಪಿಸ್ಟನ್ ತಲೆಗೆ ಪೆಟ್ಟು. ಜೋರಾಗಿ ಆದರೆ ಒಂದೇ ಪೆಟ್ಟಿಗೆ ಪಿಸ್ಟನ್ ಬಿರುಕು ಬಿಡಬಹುದು.

ಬಿಲ್ಲೇ ಇಲ್ಲ ಅಂದರೆ? ಶೋರೂಮಿಗೆ ಗಾಡಿ ನಂಬರ್ ಹೇಳಿ ಸರ್ವಿಸ್ ಹಿಸ್ಟರಿ ತೆಗೆಸಬಹುದು, ಮಾಲೀಕರ ಕಡೆಯಿಂದಲೇ ಕೇಳಿಸಿ. ಅದೂ ಇಲ್ಲ ಅಂದರೆ ಆ ಗಾಡಿ ಬಿಡಿ.

3. ಬೆಳಿಗ್ಗೆ ಆರಕ್ಕೇ ಹೋಗಿ

ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಮಾರುವವರಿಗೂ ಇದು ಗೊತ್ತು, ಅದಕ್ಕೇ ನೀವು ಬರುವಷ್ಟರಲ್ಲಿ ಗಾಡಿ ಒಂದು ಸುತ್ತು ಹೊಡೆಸಿಟ್ಟಿರುತ್ತಾರೆ. ಬಾನೆಟ್ ಮುಟ್ಟಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ನಮ್ಮೂರಿನ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಓಡಿಸದ ಗಾಡಿಯ ಬಾನೆಟ್ ಮೇಲೂ ಕೈ ಇಡುವ ಹಾಗಿಲ್ಲ! ಸ್ಕ್ಯಾನರ್ ಹಾಕಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮೊದಲು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಟೆಂಪರೇಚರ್ ಓದಿ. ಹೊರಗಿನ ಗಾಳಿಯಷ್ಟೇ ಇದ್ದರೆ ರಾತ್ರಿಯಿಡೀ ನಿಂತಿದೆ ಅಂತ ಲೆಕ್ಕ. ಹೊರಗೆ 28 ಇದ್ದು ಒಳಗೆ 60 ತೋರಿಸಿದರೆ ನಕ್ಕು ನಾಳೆ ಬರುತ್ತೇನೆ ಅನ್ನಿ.

ಸ್ಟಾರ್ಟ್ ಮಾಡುವ ಮುಂಚೆ ಮೂರು ಕಡೆ ನೋಡಿ. ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿ. ಆಯಿಲ್ ಕಪ್ಪಗಿದ್ದರೆ ಹೆದರಬೇಕಿಲ್ಲ, ಆದರೆ ಮೇಲಿನ ಗೆರೆ ದಾಟಿದ್ದು ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಸೇರಿದೆ ಅಂತ ಅರ್ಥ. ಕೆಳಗಿನ ಗೆರೆಗಿಂತ ಕೆಳಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಮಾಲೀಕ ನೋಡುತ್ತಿಲ್ಲ, ಎರಡೂ ಕೆಟ್ಟದ್ದೇ. ಆಮೇಲೆ ಆಯಿಲ್ ಮುಚ್ಚಳ ತಿರುವಿ ಒಳಗೆ ಟಾರ್ಚ್ ಬಿಡಿ. ಕಂದು ಬಣ್ಣದ ತೆಳು ಲೇಪ ಇದ್ದರೆ ಸರಿ. ಕಪ್ಪು ಜಿಡ್ಡು ಗಡ್ಡೆ ಕಟ್ಟಿದ್ದರೆ ಆಯಿಲ್ ಬದಲಿಸಿಲ್ಲ. ಹಾಲು ಹಾಕಿದ ಚಹಾದ ಬಣ್ಣದ ನೊರೆ ಇದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಮುಚ್ಚಳದ ಕೆಳಗಷ್ಟೇ ತುಸು ನೊರೆ ಇದ್ದರೆ ಪಸೆ ಇರಬಹುದು, ಡಿಪ್‌ಸ್ಟಿಕ್ ಮೇಲೂ ಇದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಆಯಿಲ್‌ಗೆ ಕೂಲಂಟ್ ಸೇರದಂತೆ ತಡೆಯುವ ತೆಳು ಸೀಲ್, ಹೋಗಿದೆ ಅಂತ ಅನುಮಾನ ಪಡಿ. ಕೊನೆಗೆ ಕೂಲಂಟ್ ಡಬ್ಬಿ. ಅದರಲ್ಲಿ ಬಣ್ಣದ ಕೂಲಂಟ್ ಬದಲು ಬರೀ ನೀರು ಇದ್ದರೆ ಯಾಕೆ ಅಂತ ಕೇಳಿ. ಬರೀ ನೀರು ಸುರಿದಿದ್ದಾರೆ ಅಂದರೆ ಎಲ್ಲೋ ಸೋರುತ್ತಿತ್ತು ಅಂತಲೇ.

ಈಗ ಸ್ಟಾರ್ಟ್ ಮಾಡಿಸಿ, ನೀವು ಬಾನೆಟ್ ಹತ್ತಿರ ನಿಲ್ಲಿ. ಮೊದಲ ಎರಡು ಮೂರು ಸೆಕೆಂಡ್ ಬಹಳ ಮುಖ್ಯ. ಕರಕರ ಅಂತ ಸರಪಳಿ ಅಲ್ಲಾಡಿದ ಸದ್ದು ಬಂದು ಆಮೇಲೆ ನಿಂತರೆ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸವೆದಿದೆ. ಹೊಗೆ ನೀಲಿ ಇದ್ದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಸುಡುತ್ತಿದೆ. ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಯಾವ ಗಾಡಿಯಾದರೂ ಮೊದಲ ಎರಡು ನಿಮಿಷ ಬಿಳಿ ಆವಿ ಬಿಡುತ್ತದೆ, ಅದಕ್ಕೆ ಹೆದರಿ ಒಳ್ಳೆಯ ಗಾಡಿ ಬಿಡಬೇಡಿ.

4. ಧೂಳು ಎಲ್ಲಿಯವರೆಗೆ ಹೋಗಿದೆ ನೋಡಿ

ಬೆಂಗಳೂರಿನವರು ಬರೆದ ಪಟ್ಟಿಯಲ್ಲಿ ಇದು ಒಂದು ಸಾಲು. ನಮಗೆ ಇದೇ ದೊಡ್ಡ ಅಧ್ಯಾಯ. ಶಹಾಬಾದ್ ಕಡೆ ಕಲ್ಲಿನ ಪುಡಿ, ವಾಡಿ-ಸೇಡಂ ಕಡೆ ಸಿಮೆಂಟ್ ಲಾರಿ, ತೊಗರಿ ರಾಶಿ ಸಮಯದಲ್ಲಿ ಹೊಲದ ಹೊಟ್ಟು, ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು. ಟರ್ಬೊ ಎಂಜಿನ್ ಸಾದಾ ಎಂಜಿನ್ನಿಗಿಂತ ಜಾಸ್ತಿ ಗಾಳಿ ಎಳೆಯುತ್ತದೆ, ಫಿಲ್ಟರ್ ಸರಿ ಇಲ್ಲದಿದ್ದರೆ ಅದರ ಜೊತೆ ಇವೆಲ್ಲವನ್ನೂ ಎಳೆಯುತ್ತದೆ.

ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆಸಿ. ಫಿಲ್ಟರ್ ಕೊಳೆಯಾಗಿದ್ದರೆ ತೊಂದರೆ ಇಲ್ಲ, ಕೊಳೆ ಹಿಡಿಯುವುದೇ ಅದರ ಕೆಲಸ. ಫಿಲ್ಟರಿನ ಆಚೆ ಬದಿ, ಅಂದರೆ ಎಂಜಿನ್ ಕಡೆಯ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಅಲ್ಲಿ ಮಣ್ಣು ಬಂದರೆ ಫಿಲ್ಟರ್ ಅಂಚಿನಲ್ಲಿ ಸಂದಿ ಇದೆ. ನೂರೈವತ್ತಕ್ಕೆ ಸಿಗುವ ಲೋಕಲ್ ಫಿಲ್ಟರಿನ ರಬ್ಬರ್ ಅಂಚು ಡಬ್ಬಿಗೆ ಸರಿಯಾಗಿ ಕೂರುವುದಿಲ್ಲ. ಗಾಳಿ ಹೊಡೆದು ಹೊಡೆದು ಸ್ವಚ್ಛ ಮಾಡಿದ ಪೇಪರ್ ಫಿಲ್ಟರಿಗೂ ಕಣ್ಣಿಗೆ ಕಾಣದ ತೂತು ಬಿದ್ದಿರುತ್ತದೆ.

ಮಣ್ಣು ಸಿಕ್ಕರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಿಸ್ತ್ರಿಯಿಂದ ಟರ್ಬೊಗೆ ಗಾಳಿ ಒಯ್ಯುವ ಪೈಪ್ ಬಿಚ್ಚಿಸಿ. ಎಂಜಿನ್ ಆಫ್ ಇರಬೇಕು, ತಣ್ಣಗಿರಬೇಕು. ಟಾರ್ಚ್ ಬಿಟ್ಟರೆ ಬೆಳ್ಳಿ ಬಣ್ಣದ ಪುಟ್ಟ ಚಕ್ರ ಕಾಣುತ್ತದೆ, ನಡುವೆ ಒಂದು ನಟ್, ಸುತ್ತ ಬಾಗಿದ ರೆಕ್ಕೆಗಳು. ಚೆನ್ನಾಗಿರುವ ಚಕ್ರದ ರೆಕ್ಕೆಗಳ ಅಂಚು ನೇರ, ಚೂಪು, ಬೆಳಕು ಬಿದ್ದರೆ ಮಿನುಗುತ್ತದೆ. ಧೂಳು ತಿಂದ ಚಕ್ರದ ಅಂಚು ಮೊಂಡಾಗಿ, ಮಂಕಾಗಿ, ಅಲ್ಲಲ್ಲಿ ಕಚ್ಚು ಬಿದ್ದಿರುತ್ತದೆ. ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಆಚೆ ಈಚೆ ಕೂದಲೆಳೆಯಷ್ಟು ಆಡುವುದು ಸಹಜ, ಆಯಿಲ್ ಪದರಕ್ಕೆ ಜಾಗ ಬೇಕಲ್ವಾ. ರೆಕ್ಕೆ ಹೋಗಿ ಗೋಡೆಗೆ ತಾಗಬಾರದು. ಒಳಗೆ ಹೊರಗೆ, ಅಂದರೆ ಶಾಫ್ಟಿನ ಉದ್ದಕ್ಕೆ, ಕೈಗೆ ಗೊತ್ತಾಗುವಷ್ಟು ಆಡಿದರೆ ಬೇರಿಂಗ್ ಮುಗಿದಿದೆ. ಹೊಸ ಟರ್ಬೊ ಐದಂಕಿಯ ಖರ್ಚು, ಕೆಲವು ಗಾಡಿಗೆ ಆರಂಕಿ.

ಪೈಪುಗಳ ಒಳಗೆ ಆಯಿಲ್‌ನ ತೆಳು ಪಸೆ ಎಲ್ಲ ಟರ್ಬೊ ಗಾಡಿಯಲ್ಲೂ ಇರುತ್ತದೆ. ಬಟ್ಟೆ ಒದ್ದೆಯಾಗುವಷ್ಟು ಇದ್ದರೆ ಮಾತ್ರ ಚಿಂತೆ.

ಒಂದು ಎಚ್ಚರಿಕೆ: ನೋಡಲು ಹೋದಾಗ ಎಂಜಿನ್ ಮಿರಮಿರ ಮಿಂಚುತ್ತಿದ್ದರೆ ಖುಷಿ ಪಡಬೇಡಿ. ಪ್ರೆಷರ್ ನೀರು ಹೊಡೆದು ತೊಳೆದಿದ್ದಾರೆ, ಸೋರಿಕೆಯ ಗುರುತು ಹೋಗಿದೆ. ತುಸು ಧೂಳು ಕೂತ ಎಂಜಿನ್ನೇ ವಾಸಿ.

5. ಓಡಿಸಿ, ಆದರೆ ಸುಮ್ನೆ ಒಂದು ಸುತ್ತಲ್ಲ

ಎರಡು ಥರ ಓಡಿಸಬೇಕು. ಮೊದಲು ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಕಡೆಯ ಟ್ರಾಫಿಕ್ಕಿನಲ್ಲಿ ಎಸಿ ಪೂರ್ತಿ ಹಾಕಿಕೊಂಡು ಇಪ್ಪತ್ತು ನಿಮಿಷ. ಸ್ಕ್ಯಾನರಿನಲ್ಲಿ ಕೂಲಂಟ್ ಸುಮಾರು 90ರಿಂದ 105ರೊಳಗೆ ನಿಲ್ಲಬೇಕು, ಫ್ಯಾನ್ ಹತ್ತಿ ಆರುತ್ತಿರಬೇಕು. ಮೇಲೇರುತ್ತಲೇ ಇದ್ದರೆ ಅಲ್ಲಿಗೇ ಸಾಕು. ಗಾಡಿ ಡಿಸಿಟಿ ಅಥವಾ ಡಿಎಸ್‌ಜಿ ಆಟೊಮ್ಯಾಟಿಕ್ ಆಗಿದ್ದರೆ, ಅಂದರೆ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್, ಆಮೆ ನಡಿಗೆಯಲ್ಲಿ ನಡುಗುತ್ತದಾ ನೋಡಿ. ಏಳು ಗೇರಿನ ಡ್ರೈ ಕ್ಲಚ್ ಇರುವವು ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತವೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಗಾಡಿಗಳಿಗೆ 2013ರಲ್ಲಿ ಚೀನಾದಲ್ಲಿ ದೊಡ್ಡ ರೀಕಾಲ್ ಆಗಿದ್ದು ಇದೇ ಥರದ ಗೇರ್‌ಬಾಕ್ಸ್ ತೊಂದರೆಗೆ.

ಆಮೇಲೆ ಹುಮನಾಬಾದ್ ರಸ್ತೆಗೋ ಸೇಡಂ ರಸ್ತೆಗೋ ಹೋಗಿ. ಖಾಲಿ ಜಾಗ ನೋಡಿ, ಮೂರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ಒತ್ತಿ 4500ರವರೆಗೆ ಎಳೆಯಿರಿ. ಎಳೆತ ಒಂದೇ ಸಮ ಇರಬೇಕು. ಸಣ್ಣ ಶಿಳ್ಳೆ ಸಹಜ. ಆಂಬುಲೆನ್ಸ್ ಸೈರನ್ನಿನ ಹಾಗೆ ಊಳಿಟ್ಟರೆ ಟರ್ಬೊ ಬೇರಿಂಗ್. ಭುಸ್ ಅಂತ ಗಾಳಿ ಹೋದ ಸದ್ದು ಬಂದು ಪಿಕಪ್ ಬರದಿದ್ದರೆ ಪೈಪ್ ಎಲ್ಲೋ ಬಿಟ್ಟಿದೆ, ಇದು ಅಗ್ಗದ ರಿಪೇರಿ, ಚೌಕಾಸಿಗೆ ಒಳ್ಳೆಯದು. ನಡುವೆ ತಟ್ಟನೆ ಶಕ್ತಿ ಕಳೆದುಕೊಂಡು ಆಮೇಲೆ ವೇಗವೇ ಏರದಿದ್ದರೆ ಲಿಂಪ್ ಮೋಡ್, ಅಂದರೆ ಕಂಪ್ಯೂಟರ್ ತಾನಾಗಿಯೇ ಎಂಜಿನ್ನಿನ ಕೈ ಕಟ್ಟಿದೆ.

ವಾಪಸ್ ಬಂದ ಮೇಲೆ ಐದು ನಿಮಿಷ ಆಕ್ಸಿಲರೇಟರ್ ಒತ್ತದೆ ಸುಮ್ನೆ ಐಡಲ್ ಬಿಟ್ಟು, ಆಮೇಲೆ ಒಮ್ಮೆ ರೇಸ್ ಮಾಡಿಸಿ ಹಿಂದೆ ನಿಂತು ನೋಡಿ. ಆಗ ನೀಲಿ ಹೊಗೆ ಉಂಡೆಯಾಗಿ ಬಂದರೆ ಟರ್ಬೊ ಸೀಲೋ ವಾಲ್ವ್ ಸೀಲೋ ಹೋಗಿದೆ.

ಕೊನೆಯದಾಗಿ ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್ ಅನ್ನುವ ಪುಟ ತೆಗೆಯಿರಿ. ಎರರ್ ಕೋಡ್ ಅಳಿಸಿದರೆ ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ, ಅದಕ್ಕೆ ಕೆಲವು ದಿನದ ಓಡಾಟ ಬೇಕು. ಬಹಳಷ್ಟು "ನಾಟ್ ರೆಡಿ" ಅಂತ ಬಂದರೆ ಒಂದೋ ಬ್ಯಾಟರಿ ಬಿಚ್ಚಿದ್ದಾರೆ, ಇಲ್ಲವೇ ನಿಮಗೆ ತೋರಿಸುವ ಮುಂಚೆ ಕೋಡ್ ಅಳಿಸಿದ್ದಾರೆ. "ಮೀಟರ್‌ನಾಗ ಯಾವ ಲೈಟೂ ಇಲ್ಲ ನೋಡ್ರಿ" ಅನ್ನುವ ಮಾತಿಗೆ ಇದೇ ಉತ್ತರ.

6. ಮಿಸ್ತ್ರಿ, ಕಾಗದ

ಇಷ್ಟು ದಾಟಿದ ಗಾಡಿಯನ್ನು ಮಾತ್ರ ಮಿಸ್ತ್ರಿಗೆ ತೋರಿಸಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಪರೀಕ್ಷೆ ಇದು. ಅಂಕಿ ಎಷ್ಟು ಅನ್ನುವುದಕ್ಕಿಂತ ಎಲ್ಲ ಸಿಲಿಂಡರಿನದೂ ಹತ್ತಿರ ಹತ್ತಿರ ಇರುವುದು ಮುಖ್ಯ. ರೀಮ್ಯಾಪ್ ಮಾಡಿದ ಗಾಡಿ, ಅಂದರೆ ಪವರ್ ಜಾಸ್ತಿ ಬರಲಿ ಅಂತ ಕಂಪ್ಯೂಟರ್ ತಿದ್ದಿದ ಗಾಡಿ, ಎಷ್ಟೇ ಅಗ್ಗವಾದರೂ ಬೇಡ.

ತೆಲಂಗಾಣ, ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಅದು ಫಾರ್ಮ್ 28. ನಮ್ಮಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಹೈದರಾಬಾದಿನ "ಅಗ್ಗದ" ಗಾಡಿ ನಮ್ಮ ಕಲಬುರಗಿಯ ಕೆಎ 32 ಗಾಡಿಗಿಂತ ತುಟ್ಟಿಯಾಗುವುದೂ ಉಂಟು. ಆರ್‌ಸಿಯ ಎಂಜಿನ್ ನಂಬರನ್ನು ಎಂಜಿನ್ ಮೇಲಿನ ನಂಬರಿಗೆ ತಾಳೆ ನೋಡಿ.

ಡೀಸೆಲ್ ಕೇಳುವವರಿಗೆ: ಈಗಿನ ಡೀಸೆಲ್ ಕಾರೆಲ್ಲ ಟರ್ಬೊನೇ, ಮೇಲಿನ ಬಹಳಷ್ಟು ಅದಕ್ಕೂ ಹೊಂದುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಸೈಲೆನ್ಸರಿನಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಹೈವೇ ಓಟ ಬೇಕು. ನಿಮ್ಮದು ಊರೊಳಗಿನ ಓಡಾಟ ಮಾತ್ರ ಅಂದರೆ ಬಿಎಸ್6 ಡೀಸೆಲ್ ಬೇಡವೇ ಬೇಡ. ನಿಜ ಹೇಳಬೇಕೆಂದರೆ ಟರ್ಬೊ ಪೆಟ್ರೋಲೂ ಬೇಡ, ಸಾದಾ 1.2 ಪೆಟ್ರೋಲ್ ತಗೊಂಡು ಆರಾಮಾಗಿರಿ. ತಿಂಗಳಿಗೆ ನಾಲ್ಕು ಸಲ ಸೊಲ್ಲಾಪುರ, ಹೈದರಾಬಾದ್ ಅಂತ ಓಡುವವರಿಗೆ ಟರ್ಬೊದ ಬೆಲೆ ಗೊತ್ತಾಗುವುದು.

7. ಮನೆಗೆ ತಂದ ಮೇಲೆ

ಮೊದಲ ವಾರವೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್ ಬದಲಿಸಿ. ಹಿಂದಿನವರು ಕಳೆದ ತಿಂಗಳಷ್ಟೇ ಬದಲಿಸಿದ್ದೇವೆ ಅಂದರೂ ಬದಲಿಸಿ. ಪುಸ್ತಕದಲ್ಲಿ ಹತ್ತು ಸಾವಿರ ಅಥವಾ ಒಂದು ವರ್ಷ ಅಂತ ಇದ್ದರೂ, ಅದೇ ಪುಸ್ತಕದಲ್ಲಿ ಧೂಳು, ಬಿಸಿಲು, ಸಣ್ಣ ಸಣ್ಣ ಓಡಾಟ ಇರುವ ಕಡೆ ಬೇಗ ಬದಲಿಸಿ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಆ ಸಣ್ಣಕ್ಷರ ನಮಗೇ ಬರೆದದ್ದು. ನಾನು ಹೇಳುವುದು ಏಳು ಸಾವಿರ ಕಿಲೋಮೀಟರ್ ಅಥವಾ ಎಂಟು ತಿಂಗಳು, ಯಾವುದು ಮೊದಲೋ ಅದು. ಕೂಲಂಟ್ ಡಬ್ಬಿಗೆ ಬೋರ್‌ವೆಲ್ ನೀರು ಹಾಕಬೇಡಿ, ನಮ್ಮ ಕಡೆಯ ಗಡಸು ನೀರು ಒಳಗೆ ಉಪ್ಪಿನ ಪೊರೆ ಕಟ್ಟುತ್ತದೆ. ಎಂಜಿನ್ ಬಿಸಿ ಇರುವಾಗ ಅದರ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ಓಡಿಸುವಾಗ ಮೂರೇ ಅಭ್ಯಾಸ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ, ಮೊದಲ ಕೆಲವು ನಿಮಿಷ ಮೆಲ್ಲಗೆ ಓಡಿಸಿ. ಐದನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಪೂರ್ತಿ ಒತ್ತಬೇಡಿ, ಗೇರ್ ಇಳಿಸಿ; ಪಿಸ್ಟನ್ ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಮೇಲೆ ಹೇಳಿದೆನಲ್ಲ, ಅದು ಆಗುವುದು ಹೀಗೆ. ಹೈವೇಯಲ್ಲಿ ಜೋರಾಗಿ ಓಡಿಸಿ ಢಾಬಾದಲ್ಲಿ ನಿಲ್ಲಿಸಿದಾಗ ಅರ್ಧ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ, ಇಲ್ಲದಿದ್ದರೆ ಕೆಂಡದಂತಿರುವ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗಿ ಸಣ್ಣ ನಾಳ ಕಟ್ಟಿಕೊಳ್ಳುತ್ತದೆ. ಊರೊಳಗೆ ಓಡಿಸಿ ಬಂದಾಗ ಇದೆಲ್ಲ ಬೇಕಿಲ್ಲ.

ಲೈಟುಗಳ ವಿಷಯ ಹೇಳಿ ಮುಗಿಸುತ್ತೇನೆ. ಹಳದಿ ಎಂಜಿನ್ ಲೈಟ್ ಸುಮ್ನೆ ಹತ್ತಿದ್ದರೆ ಮೆಲ್ಲಗೆ ಗ್ಯಾರೇಜಿಗೆ ಹೋಗಬಹುದು. ಅದೇ ಲೈಟ್ ಮಿಣುಕುತ್ತಿದ್ದರೆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಗಾಡಿ ಬದಿಗೆ ಹಾಕಿ. ಕೆಂಪು ಆಯಿಲ್ ಲೈಟ್ ಹತ್ತಿದರೆ ಇನ್ನು ಎರಡೇ ಕಿಲೋಮೀಟರ್, ಮುಂದಿನ ಊರಲ್ಲಿ ನೋಡೋಣ ಅನ್ನುವ ಲೆಕ್ಕ ಬೇಡ. ಅಲ್ಲೇ ಬದಿಗೆ ನಿಲ್ಲಿಸಿ, ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆ ಇದ್ದರೆ ತುಂಬಿಸಿ ಮತ್ತೆ ನೋಡಿ. ಆಯಿಲ್ ಸರಿಯಾಗಿಯೇ ಇದ್ದೂ ಲೈಟ್ ಹತ್ತಿದ್ದಾದರೆ, ಇಲ್ಲವೇ ತುಂಬಿಸಿದ ಮೇಲೂ ಆರದಿದ್ದರೆ, ಮತ್ತೆ ಸ್ಟಾರ್ಟ್ ಮಾಡದೆ ಟೋಯಿಂಗ್ ಗಾಡಿ ಕರೆಸಿ.